ನಿಕ್ಕಲ್ ಗಡಿಯಾರದ ನಾಲ್ಕು ನಿಮಿಷ

ಬಸ್ತಿಹಳ್ಳಿ
8-1-1998

ಮಾನ್ಯ ಕಲ್ಲೇಶಪ್ಪನವರಿಗೆ ನಮಸ್ಕಾರ.

ನೀವು ನನ್ನನ್ನು ಕಂಡವರಲ್ಲ. ಹಳೇಬೀಡಿನ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ, ಹೆಸರು ಲತಾಮಣಿ. ಈ ಕಾಗದ ಮತ್ತು ಗಡಿಯಾರ ತಂದುಕೊಡುವ ಅನುಸೂಯಮ್ಮ ನಮ್ಮ ಶಾಲೆಯ ಹಿಂದಿ ಟೀಚರ್. ದಿನಾ ಅರಸೀಕೆರೆಯಿಂದ ಬಸ್ಸಿನಲ್ಲಿ ಬಂದು ಹೋಗುವವರು. ಅವರ ಕೈಯಲ್ಲಿ ಕೊಟ್ಟ ಕಾಗದ ಅಂಚೆಗಿಂತ ಬೇಗ ಮುಟ್ಟುತ್ತದೆ.

ಗಡಿಯಾರ ನಮ್ಮ ತಂದೆಯವರದು. ಜೇಬಿನಲ್ಲಿಡುವಂಥದು, ಬಿಳೀ ನಿಕ್ಕಲ್ ಕೇಸು, ನೋಡಲು ಏನೂ ಇಲ್ಲ. ಅವರಿಗೆ ಈಗ ಎಂಬತ್ತೈದು. ಬೆಳಿಗ್ಗೆ ಆರಕ್ಕೆ ಎದ್ದು ಮುಖ ತೊಳೆಯುವ ಮುಂಚೆ ಇದಕ್ಕೆ ಕೀಲಿ ಕೊಡಬೇಕು. ಒಂದು ವಾರದಲ್ಲಿ ಎಣ್ಣೆ ಹಾಕಿಸಿ ತರುತ್ತೇನೆಂದು ಹೇಳಿ, ಅವರ ಕೈಯಿಂದ ಬಿಡಿಸಿಕೊಂಡು ಬರುವಷ್ಟರಲ್ಲಿ ನನಗೆ ಸಾಕುಸಾಕಾಯಿತು.

ಬೆಲೆ ಕಟ್ಟಬೇಡಿ. ಎರಡು ವಿಷಯ ಹೇಳಿ ಸಾಕು. ಇದು ಯಾವ ದರ್ಜೆಯ ಯಂತ್ರ? ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಇಟ್ಟರೆ ಸಂಜೆ ನಾಲ್ಕರ ಹೊತ್ತಿಗೆ ಇದು ನಾಲ್ಕು ನಿಮಿಷ ಮುಂದೆ ಹೋಗಬಲ್ಲದೆ? ಎರಡನೆಯದು ವಿಚಿತ್ರವಾಗಿ ಕಾಣಬಹುದು. ದಯವಿಟ್ಟು ಅದಕ್ಕೇ ಸರಿಯಾದ ಉತ್ತರ ಕೊಡಿ.

ಇತಿ,
ಲತಾಮಣಿ


ಅರಸೀಕೆರೆ
14-1-1998

ಶರಣು ಮೇಡಂ.

ಸಂಕ್ರಾಂತಿಯ ದಿನ ಎಳ್ಳುಬೆಲ್ಲದ ತಟ್ಟೆ ಪಕ್ಕಕ್ಕಿಟ್ಟು ಈ ಕಾಗದ ಬರೆಯುತ್ತಿದ್ದೇನೆ. ನಮ್ಮಾಕೆ ಕಾಂತಮ್ಮ ಬಾಗಿಲಲ್ಲಿ ನಿಂತು ಗದರಿದ್ದೂ ಆಯಿತು. ಹಬ್ಬ ವರ್ಷಾವರ್ಷಾ ಬರುತ್ತದೆ, ಇಂಥ ಗಡಿಯಾರ ಬರುವುದಿಲ್ಲ ಅಂತ ಅವಳಿಗೆ ಹೇಗೆ ತಿಳಿಸಲಿ?

ಮೂವತ್ತೆಂಟು ವರ್ಷದಿಂದ ಸ್ಟೇಷನ್ ರಸ್ತೆಯಲ್ಲಿ ಕೂತು ಗಡಿಯಾರ ಬಿಚ್ಚುತ್ತಿದ್ದೇನೆ. ನಿಮ್ಮದನ್ನು ನೋಡಿ ಮೊದಲು ಮೂಗು ಮುರಿದೆ, ಸುಳ್ಳು ಯಾಕೆ ಹೇಳಲಿ. ಹಿಂಬದಿಯ ಮುಚ್ಚಳ ತಿರುಪಿ ತೆಗೆದವನು ಹಾಗೇ ಕೂತುಬಿಟ್ಟೆ ತಾಯಿ. ನಿಮ್ಮೂರ ಬಸದಿಯ ಕಂಬದಲ್ಲಿ ಮುಖ ಕಾಣುತ್ತದಲ್ಲ, ಅಂಥ ಹೊಳಪು. ಅದರ ಮೇಲೆ ಅಲೆ ಅಲೆಯಾಗಿ ಕೆತ್ತಿದ ಗೆರೆ. ಒಂದೊಂದು ಕೆಂಪು ಕಲ್ಲಿನ ಸುತ್ತ ಒಂದೊಂದು ಚಿನ್ನದ ಬಳೆ. ಇದೆಲ್ಲ ಯಾರ ಕಣ್ಣಿಗೂ ಬೀಳದ ಒಳಮೈಯಲ್ಲಿ! ಹಳೇಬೀಡಿನ ಹತ್ತಿರದವರಿಗೆ ಕೆತ್ತನೆಯ ಮಾತು ನಾನು ಹೇಳಬೇಕೆ. ಆದರೂ ಹೇಳದೆ ಇರಲಾರೆ.

ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಕೊಂಡ ಹಳೆಯ ಅಮೆರಿಕನ್ ಗಡಿಯಾರಗಳ ಕ್ಯಾಟಲಾಗೊಂದು ನನ್ನ ಹತ್ತಿರ ಇದೆ. ಅದನ್ನೂ ಇದನ್ನೂ ಪಕ್ಕದಲ್ಲಿಟ್ಟು ನೋಡಿದೆ. ನಿಮ್ಮದು ಹ್ಯಾಮಿಲ್ಟನ್ ಕಂಪನಿಯ 992. ಇಪ್ಪತ್ತೊಂದು ಜ್ಯುಯೆಲ್, ಅಂದರೆ ಚಕ್ರದ ಅಚ್ಚು ಸವೆಯದಂತೆ ಕೂರಿಸಿದ ಆ ಕೆಂಪು ಕಲ್ಲು. ನಂಬರಿನ ಪ್ರಕಾರ 1924ರ ಸುಮಾರಿನದು. ಅಮೆರಿಕದವರು ಗಡಿಯಾರವನ್ನು ಕೇಸಿನಿಂದ ಅಳೆಯುತ್ತಿರಲಿಲ್ಲ, ಒಳಗಿನ ಯಂತ್ರದಿಂದ ಅಳೆಯುತ್ತಿದ್ದರು. ಏಳು ಜ್ಯುಯೆಲ್ಲಿನದು ಮದುವೆ ಮುಂಜಿಗೆ ಹೋಗುವವರ ಜೇಬಿಗೆ. ಹದಿನೈದು, ಹದಿನೇಳು ಆಫೀಸಿಗೆ. ರೈಲು ಓಡಿಸುವವನಿಗೆ ಹತ್ತೊಂಬತ್ತೋ ಇಪ್ಪತ್ತೊಂದೋ ಇರಬೇಕು. ವಾಲ್ತಮ್ ಕಂಪನಿಯವರ ವ್ಯಾನ್‌ಗಾರ್ಡ್ ಇಪ್ಪತ್ತಮೂರಕ್ಕೂ ಹೋಗುತ್ತದೆ. ಬರೀ ಜ್ಯುಯೆಲ್ ಇದ್ದರೆ ಸಾಲದು, ಮಲಗಿಸಿದರೂ ನಿಲ್ಲಿಸಿದರೂ ಒರಗಿಸಿದರೂ, ಹೀಗೆ ಐದು ಭಂಗಿಯಲ್ಲಿ ಒಂದೇ ನಡಿಗೆ ಇರಬೇಕು. ಚಳಿಗೂ ಕಾವಿಗೂ ಬಗ್ಗಬಾರದು. ವಾರಕ್ಕೆ ಮೂವತ್ತು ಸೆಕೆಂಡಿಗಿಂತ ಹೆಚ್ಚು ತಪ್ಪಬಾರದು. ಇದರ ಚಕ್ರ ವಾರಕ್ಕೆ ಮೂವತ್ತು ಲಕ್ಷ ಸಲ ಅಲ್ಲಾಡುತ್ತದೆ. ಅದರಲ್ಲಿ ತಪ್ಪಬಹುದಾದದ್ದು ನೂರೈವತ್ತು. ಮನುಷ್ಯ ಮಾಡಿದ್ದು ಇದು ಅಂದರೆ ಕೈಮುಗಿಯಬೇಕು ಅನಿಸುತ್ತದೆ.

ಇನ್ನೊಂದು ಗಮನಿಸಿದ್ದೀರೋ ಇಲ್ಲವೋ, ಕೀಲಿ ಗುಂಡಿ ಎಳೆದರೆ ಇದರ ಮುಳ್ಳು ತಿರುಗುವುದಿಲ್ಲ. ಮುಂದಿನ ಗಾಜು ತಿರುಪಿ ತೆಗೆದು, ಅಂಚಿನಲ್ಲಿರುವ ಸಣ್ಣ ಕಡ್ಡಿ ಎಳೆಯಬೇಕು. ಜೇಬಿನಲ್ಲಿ ಗುಂಡಿ ಸಿಕ್ಕಿಕೊಂಡು ಹೊತ್ತು ಬದಲಾಗದಿರಲಿ ಅಂತ ರೈಲಿನವರಿಗೆ ಮಾತ್ರ ಮಾಡಿದ ಏರ್ಪಾಡು.

ನಾವು ರಿಪೇರಿಯವರು ಒಮ್ಮೆ ಬಿಚ್ಚಿದರೆ ಮುಚ್ಚಳದ ಒಳಬದಿಯಲ್ಲಿ ಸೂಜಿಯಿಂದ ತಿಂಗಳು, ವರ್ಷ ಗೀರುತ್ತೇವೆ. ನಿಮ್ಮದರಲ್ಲಿ ಅಮೆರಿಕದ ಗೀರು ಎರಡಿವೆ, ನಮ್ಮ ದೇಶದ್ದು ಒಂದೂ ಇಲ್ಲ. ಇಷ್ಟು ವರ್ಷ ಯಾರೂ ಮುಟ್ಟದೆ ನಡೆದಿದೆ ಪುಣ್ಯಾತ್ಮ.

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ: ಆರು ಗಂಟೆಯಲ್ಲಿ ನಾಲ್ಕು ನಿಮಿಷವೇ? ಎರಡು ತಿಂಗಳು ಕೊಟ್ಟರೂ ಅಷ್ಟು ತಪ್ಪುವುದು ಕಷ್ಟ.

ಮಾರುವ ಯೋಚನೆ ಇದ್ದರೆ ಬಿಟ್ಟುಬಿಡಿ. ನಮ್ಮ ಮನೆಯಲ್ಲೂ ಒಂದು ಅಮೆರಿಕನ್ ಗಡಿಯಾರ ಇದೆ, ಚಿನ್ನದ ಕೇಸು. ತೀರಿಹೋದ ನಮ್ಮ ತಂದೆಯವರದು. ಯುದ್ಧದ ಕಾಲದಲ್ಲಿ ಅಸ್ಸಾಮಿನಲ್ಲಿ ಸಿಕ್ಕಿದ್ದು. ದೇವರ ಮನೆಯಲ್ಲಿಟ್ಟು ಪೂಜೆ ಮಾಡುತ್ತೇವೆ. ಬಿಚ್ಚಕೂಡದೆಂದು ತಂದೆಯವರ ಕಟ್ಟಪ್ಪಣೆ, ಹಾಗಾಗಿ ನಾನೂ ಒಳಗೆ ನೋಡಿಲ್ಲ. ಊರವರ ಗಡಿಯಾರವೆಲ್ಲ ಬಿಚ್ಚಿದವನು ಮನೆಯದನ್ನು ಬಿಚ್ಚಿಲ್ಲ ಅಂತ ಕಾಂತಮ್ಮ ನಗುತ್ತಾಳೆ. ನಿಮ್ಮದು ಎಲ್ಲಿಂದ ಬಂತು? ತಿಳಿಯುವ ಆಸೆ.

ಇತಿ ಶರಣು,
ಕಲ್ಲೇಶಪ್ಪ


ಬಸ್ತಿಹಳ್ಳಿ
20-1-1998

ಮಾನ್ಯ ಕಲ್ಲೇಶಪ್ಪನವರೇ,

ನಿಮ್ಮ ಕಾಗದವನ್ನು ಸ್ಟಾಫ್ ರೂಮಿನಲ್ಲಿ ಓದಲು ಹೋಗಿ, ಅರ್ಧಕ್ಕೆ ಎದ್ದು ಲ್ಯಾಬಿನ ಬಾಗಿಲು ಹಾಕಿಕೊಂಡೆ. ಮಾರುವುದಕ್ಕಲ್ಲ. ಯಾಕೆ ಕೇಳಿದೆ ಎಂದು ಈಗ ಹೇಳುತ್ತೇನೆ.

ನಮ್ಮ ತಂದೆ ಕೆಂಚಯ್ಯ. ಬ್ರೇಕ್ಸ್‌ಮನ್ ಆಗಿ ಸೇರಿ ಗಾರ್ಡ್ ಆದವರು. ನಮ್ಮ ಕೇರಿಯಿಂದ ಹಸಿರು ಬಾವುಟ ಹಿಡಿದ ಮೊದಲನೆಯವರು. ಯುದ್ಧಕಾಲದಲ್ಲಿ ಮೀಟರ್‌ಗೇಜಿನ ಕೆಲವರನ್ನು ಅಸ್ಸಾಮಿಗೆ ಕಳಿಸಿದರಂತೆ. ಅಲ್ಲಿ ಅಮೆರಿಕದ ಪಲ್ಟನ್ನಿನ ರೈಲಿನವನೊಬ್ಬ ಊರಿಗೆ ಹೊರಡುವಾಗ ಕೊಟ್ಟ ಗಡಿಯಾರ ಇದು. ಗಾಜು ಬಿಚ್ಚಿ ಕಡ್ಡಿ ಎಳೆಯುವುದನ್ನು ಒಂದು ಗಂಟೆ ಕೂರಿಸಿಕೊಂಡು ಕಲಿಸಿದನಂತೆ.

1957ರ ಸೆಪ್ಟೆಂಬರ್. ಅರಸೀಕೆರೆಯಿಂದ ಹೊರಟ ಪ್ಯಾಸೆಂಜರ್ ಗಾಡಿ, ಗಡಿಯಾರವಿಲ್ಲದ ಒಂದು ಸಣ್ಣ ನಿಲ್ದಾಣದಲ್ಲಿ ನಿಂತಿತ್ತು. ಹೊರಡುವ ಹೊತ್ತು ನಾಲ್ಕು ಹನ್ನೆರಡು. ಅಪ್ಪ ತಮ್ಮ ಗಡಿಯಾರದಲ್ಲಿ ನಾಲ್ಕು ಹನ್ನೆರಡು ನೋಡಿಯೇ ಹಸಿರು ತೋರಿಸಿದರು. ತಿರುವು ದಾಟಿದ ಕೂಡಲೇ ಹಳಿಯ ಮೇಲೆ ರಿಪೇರಿಯವರು ತಳ್ಳಿಕೊಂಡು ಹೋಗುವ ಟ್ರಾಲಿ. ಗಿಡ್ಡಪ್ಪ ಅನ್ನುವ ಟ್ರಾಲಿಮನ್ ಸತ್ತ. ಹಾರಿ ಬದುಕಿಕೊಂಡ ಅವನ ಜೊತೆಗಾರ, ತಮ್ಮ ಗಡಿಯಾರದ ಪ್ರಕಾರ ಗಾಡಿ ಬಿಡಲು ಇನ್ನೂ ನಾಲ್ಕು ನಿಮಿಷ ಇತ್ತು ಅಂದ. ಡ್ರೈವರೂ ಹಾಗೇ ಹೇಳಿದರು: ನನ್ನ ಗಡಿಯಾರದಲ್ಲಿ ನಾಲ್ಕು ಎಂಟು, ಗಾರ್ಡ್ ಬಾವುಟ ತೋರಿಸಿದ, ಬಿಟ್ಟೆ.

ವಿಚಾರಣೆಯಲ್ಲಿ ಡ್ರೈವರ ಗಡಿಯಾರ ಅಧಿಕಾರಿಗಳ ಕೈಯಿಂದ ಕೈಗೆ ಹೋಯಿತಂತೆ. ಅಪ್ಪನದನ್ನು ಮಾತ್ರ ಮೇಜಿನ ಮೇಲೆ ಇಡು ಅಂದರು, ಯಾರೂ ಮುಟ್ಟಲಿಲ್ಲ. ಬೆಳಿಗ್ಗೆ ಹತ್ತಕ್ಕೆ ಸ್ಟೇಷನ್ ಗಡಿಯಾರದ ಜೊತೆ ಸರಿಹೊಂದಿಸಿದ್ದೆ ಅಂದರು ಅಪ್ಪ. ಹಾಗಾದರೆ ಆಮೇಲೆ ಮುಂದೆ ಓಡಿದೆ, ಗುಂಡಿ ಎಳೆದು ಮುಳ್ಳು ತಿರುಗಿಸಿ ತೋರಿಸು ಅಂದರು. ತಿರುಗಲಿಲ್ಲ. ಇದಕ್ಕೆ ಗಾಜು ಬಿಚ್ಚಬೇಕು ಅಂದಾಗ ಕೋಣೆಯೆಲ್ಲ ನಕ್ಕಿತು. ಕೆಟ್ಟ ಗಡಿಯಾರ ಅಂತ ಬರೆದರು. ಎರಡು ಗಡಿಯಾರದ ಮಾತಿನ ಎದುರು ಒಂದು ನಿಲ್ಲಲಿಲ್ಲ. ಅಪ್ಪನನ್ನು ಲೆವೆಲ್ ಕ್ರಾಸಿಂಗಿನ ಗೇಟಿಗೆ ಹಾಕಿದರು.

ಇದಷ್ಟೇ ಆಗಿದ್ದರೆ ನಾನು ನಿಮಗೆ ಬರೆಯುತ್ತಿರಲಿಲ್ಲ. ನಮ್ಮಪ್ಪ ಅದನ್ನು ನಂಬಿಬಿಟ್ಟರು, ಕಲ್ಲೇಶಪ್ಪನವರೇ. ದೊಡ್ಡವರು ಬರೆದಿದ್ದಾರೆ ಅಂದಮೇಲೆ ನಿಜವೇ ಇರಬೇಕು ಅಂತ. ಗಿಡ್ಡಪ್ಪನನ್ನು ಕೊಂದದ್ದು ನಾನೇ ಅಂತ. ನಲವತ್ತು ವರ್ಷದಿಂದ ದಿನಾ ಸಂಜೆ ನಾಲ್ಕು ಹನ್ನೆರಡಕ್ಕೆ, ಎಲ್ಲಿದ್ದರೂ, ಊಟದ ಮುಂದಿದ್ದರೂ, ಎದ್ದು ನಿಲ್ಲುತ್ತಾರೆ. ಒಂದು ನಿಮಿಷ. ನನ್ನ ಮದುವೆಯ ಮನೆಯಲ್ಲೂ ನಿಂತಿದ್ದರು. ಬೇರೆ ಗಡಿಯಾರ ಕೊಡಿಸುತ್ತೇನೆಂದರೆ ಅವರು ಹೇಳುವುದು ಒಂದೇ: "ತಪ್ಪು ಮಾಡಿದ್ದು ಇದೇ ಅಲ್ವಾ ಕಣವ್ವ, ಇದೇ ಇರ್ಲಿ."

ಆ ಡ್ರೈವರ ಹೆಸರು ಇಲ್ಲಿ ಬೇಡ. ನೀವು ಬರೆದದ್ದನ್ನು ಪರೀಕ್ಷೆ ಮಾಡಿ, ಗೊತ್ತುಮಾಡಿಕೊಂಡು, ಒಂದು ಹಾಳೆಯಲ್ಲಿ ಸಹಿ ಹಾಕಿ ಕೊಡುವಿರಾ? ಅಪ್ಪ ಇರುವಾಗಲೇ ಅವರಿಗೆ ಓದಿ ಹೇಳಬೇಕು.

ಇತಿ,
ಲತಾಮಣಿ


ಬಸ್ತಿಹಳ್ಳಿ
12-2-1998

ಕಲ್ಲೇಶಪ್ಪನವರಿಗೆ,

ಮೂರು ವಾರ ಆಯಿತು. ಅನುಸೂಯಮ್ಮ ಎರಡು ಸಲ ಬಂದು ಕೇಳಿದರೆ ಇನ್ನೂ ಆಗಿಲ್ಲ ಅಂದಿರಂತೆ, ಮುಖ ಕೂಡ ಎತ್ತಲಿಲ್ಲವಂತೆ. ಸಂಕ್ರಾಂತಿಯಲ್ಲಿ ಎರಡು ಹಾಳೆ ಬರೆದವರಿಗೆ ಈಗ ಎರಡು ಸಾಲು ಬರೆಯಲು ಆಗದೆ?

ಅಪ್ಪ ಬೆಳಿಗ್ಗೆ ಆರಕ್ಕೆ ಎದ್ದು ಗಡಿಯಾರ ತೂಗುಹಾಕುತ್ತಿದ್ದ ಗೋಡೆಯ ಮೊಳೆಯನ್ನು ಕೈಯಲ್ಲಿ ತಡವುತ್ತಾರೆ. ಸಂಜೆ ಹೊತ್ತು ಗೊತ್ತಾಗದೆ ಮೂರೂವರೆಯಿಂದಲೇ ನಿಂತಿರುತ್ತಾರೆ. ನೋಡಲಾಗುವುದಿಲ್ಲ. ಒಳ್ಳೆಯ ಯಂತ್ರ ಅಂತ ನೀವೇ ಬರೆದಿರಿ. ಒಳ್ಳೆಯದನ್ನು ಕಂಡರೆ ಕೈ ಬಿಡಲು ಮನಸ್ಸು ಬಾರದವರೂ ಇರುತ್ತಾರೆ. ನಿಮ್ಮನ್ನು ಹಾಗೆ ಅಂದುಕೊಳ್ಳಲು ನನಗೆ ಇಷ್ಟವಿಲ್ಲ. ಮುಂದಿನ ವಾರ ರಜ ಹಾಕಿ ನಾನೇ ಬರಲೆ?

ಲತಾಮಣಿ


ಅರಸೀಕೆರೆ
16-2-1998

ಮಾನ್ಯ ಮೇಡಂ ಅವರಿಗೆ ಶರಣು.

ಬರಬೇಡಿ. ನಿಮ್ಮ ಸಿಟ್ಟು ನ್ಯಾಯವಾದದ್ದೇ, ಅದನ್ನು ತಲೆಯ ಮೇಲೆ ಹೊತ್ತುಕೊಳ್ಳುತ್ತೇನೆ. ಗಡಿಯಾರ ಇಟ್ಟುಕೊಳ್ಳುವ ಆಸೆ ನನಗಿಲ್ಲ. ಅದನ್ನು ಇಟ್ಟುಕೊಳ್ಳುವ ಯೋಗ್ಯತೆಯೂ ಇಲ್ಲ.

ಪರೀಕ್ಷೆ ಮಾಡುತ್ತಿದ್ದೆ. ತೊಳೆದು, ಎಣ್ಣೆ ಕೊಟ್ಟು, ಒಂದೊಂದು ಭಂಗಿಯಲ್ಲಿ ಎರಡೆರಡು ದಿನ ಇಟ್ಟು ರೇಡಿಯೋದ ಬೀಪಿಗೆ ಸರಿನೋಡಿದೆ. ಮುಖ ಮೇಲೆ ಮಾಡಿದರೆ ದಿನಕ್ಕೆ ಮೂರು ಸೆಕೆಂಡು ಮುಂದೆ. ಮುಖ ಕೆಳಗೆ ಮಾಡಿದರೂ ಮೂರೇ. ನಿಲ್ಲಿಸಿದರೆ ಒಂದು. ಎಡಕ್ಕೆ ಒರಗಿಸಿದರೆ ಎರಡು ಹಿಂದೆ, ಬಲಕ್ಕೆ ಒರಗಿಸಿದರೆ ಏನೂ ಇಲ್ಲ.

ಆಮೇಲೆ ಐಸ್‌ಕ್ಯಾಂಡಿ ಫ್ಯಾಕ್ಟರಿಗೆ ಹೋದೆ. ಗಡಿಯಾರವನ್ನು ರಬ್ಬರ್ ಚೀಲದಲ್ಲಿ ಕಟ್ಟಿ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಇಡುತ್ತೇನೆ ಅಂದರೆ ಅಲ್ಲಿಯವರು ನನಗೆ ತಲೆ ಕೆಟ್ಟಿತು ಅಂದುಕೊಂಡರು. ಅರ್ಧ ದಿನ ಇಟ್ಟೆ. ಮಾರನೆಯ ದಿನ ತಗಡಿನ ಡಬ್ಬಿಯಲ್ಲಿ ಹಾಕಿ ಅಂಗಡಿಯ ಜಿಂಕ್ ಶೀಟಿನ ಮೇಲೆ ಬಿಸಿಲಿಗೆ ಇಟ್ಟೆ. ಮುಟ್ಟಿದರೆ ಕೈ ಚುರ್ ಅನ್ನುವ ಕಾವು. ಎರಡೂ ಸೇರಿ ತಪ್ಪಿದ್ದು ಐದು ಸೆಕೆಂಡು. ನಾನು ಸ್ಟೂಲಿನ ಮೇಲೆ ಕೂತು ಅತ್ತೆ. ಅರವತ್ತೊಂದು ವರ್ಷದ ಗಂಡಸು ಗಡಿಯಾರ ನೋಡಿ ಅಳುವುದು ನೀವು ಕೇಳಿದ್ದೀರಾ? ಎಪ್ಪತ್ತು ವರ್ಷ ಮೀರಿದ ಯಂತ್ರ ತಾಯಿ, ಈಗಲೂ ಮಾತಿಗೆ ತಪ್ಪಿಲ್ಲ.

ಹಿರಿಯರ ಗಡಿಯಾರ ಅನುಸೂಯಮ್ಮನವರ ಕೈಯಲ್ಲಿ ನಾಳೆಯೇ ಬರುತ್ತದೆ. ಇನ್ನು ಅವರು ಹೊತ್ತಿಗೆ ಮುಂಚೆ ನಿಲ್ಲುವುದು ಬೇಡ. ಸಹಿ ಹಾಕಿದ ಹಾಳೆ ಮಾತ್ರ ಈಗಲೇ ಕಳಿಸಲಾರೆ. ಇನ್ನೊಂದು ಗಡಿಯಾರದ ಜೊತೆ ಹೋಲಿಸುವುದು ಉಳಿದಿದೆ. ಅದನ್ನು ಮಾಡದೆ ಸಹಿ ಹಾಕಿದರೆ ಅರ್ಧ ಸತ್ಯಕ್ಕೆ ಸಹಿ ಹಾಕಿದ ಹಾಗೆ. ಸ್ವಲ್ಪ ದಿನ ತಡೆಯಿರಿ.

ಕಲ್ಲೇಶಪ್ಪ


ಬಸ್ತಿಹಳ್ಳಿ
21-2-1998

ಮಾನ್ಯರೇ,

ಗಡಿಯಾರ ಬಂತು. ಅಪ್ಪ ಅದನ್ನು ಕಿವಿಗೆ ಹಿಡಿದು ಎಷ್ಟೋ ಹೊತ್ತು ಕೂತಿದ್ದರು. ಪರೀಕ್ಷೆಯ ವಿಷಯ ಇನ್ನೂ ಹೇಳಿಲ್ಲ. ಹಾಳೆ ಬರಲಿ ಅಂತ ಕಾದಿದ್ದೇನೆ.

ಹೋದ ವಾರ ಅಪ್ಪನಿಗೆ ಬಂದ ಜ್ವರ ಬಿಟ್ಟಿದೆ, ನಿತ್ರಾಣ ಬಿಟ್ಟಿಲ್ಲ. ನಾಲ್ಕು ಹನ್ನೆರಡಕ್ಕೆ ನಾನು ರಟ್ಟೆ ಹಿಡಿದು ಎಬ್ಬಿಸಬೇಕು. ಬೇಡ ಅಂದರೆ ಕೇಳುವುದಿಲ್ಲ. ಹೋಲಿಸುವ ಆ ಇನ್ನೊಂದು ಗಡಿಯಾರ ಯಾವುದು ಎಂದು ನಾನು ಕೇಳುವುದಿಲ್ಲ. ಬೇಗ ಮಾಡಿ ಅಂತ ಮಾತ್ರ ಕೇಳುತ್ತೇನೆ.

ಲತಾಮಣಿ


ಅರಸೀಕೆರೆ
9-3-1998

ತಂಗಿ ಲತಾಮಣಿ,

ಹೀಗೆ ಕರೆಯುವ ಹಕ್ಕು ಈ ಕಾಗದ ಓದಿದ ಮೇಲೆ ಉಳಿಯುತ್ತದೋ ಇಲ್ಲವೋ, ಒಂದು ಸಲ ಕರೆದುಬಿಡುತ್ತೇನೆ. ಬಸ್ಸಿಗೆ ಎರಡು ಗಂಟೆಯ ದಾರಿ, ಎದುರಿಗೆ ಬಂದೇ ಹೇಳಬಹುದಿತ್ತು. ಎದುರಿಗೆ ಬಾಯಿ ಬರುತ್ತಿರಲಿಲ್ಲ.

ಆ ಗಾಡಿಯ ಡ್ರೈವರ್ ಚನ್ನಬಸವಯ್ಯ. ನಾನು ಅವರ ಮಗ. ವಿಚಾರಣೆಯಲ್ಲಿ ಕೈಯಿಂದ ಕೈಗೆ ಹೋದ ಅವರ ಗಡಿಯಾರವೇ ನಮ್ಮ ದೇವರ ಮನೆಯಲ್ಲಿರುವ ಚಿನ್ನದ್ದು. ಜನವರಿಯಲ್ಲಿ ನಿಮ್ಮ ಕಾಗದದಲ್ಲಿ ಕೆಂಚಯ್ಯ ಅನ್ನುವ ಹೆಸರು ಓದಿದ ದಿನ ಅಂಗಡಿ ಮುಚ್ಚಿ ಮನೆಗೆ ಹೋಗಿ ಮಲಗಿದೆ. ಮೂರು ವಾರ ಸುಮ್ಮನಿದ್ದದ್ದು ಅದಕ್ಕೇ.

ಅಸ್ಸಾಮಿನ ಕಥೆಯನ್ನು ಅಪ್ಪನ ಬಾಯಲ್ಲಿ ನೂರು ಸಲ ಕೇಳಿದ್ದೇನೆ. ಅಮೆರಿಕದವನು ಎರಡು ಗಡಿಯಾರ ಅಂಗೈಯಲ್ಲಿಟ್ಟು ಚಾಚಿದನಂತೆ. ಒಂದು ಚಿನ್ನ, ಒಂದು ನಿಕ್ಕಲ್. ಅಪ್ಪ ಹಿರಿಯರು, ಮೊದಲು ಆರಿಸಿದರು. ಉಳಿದದ್ದು ಜೊತೆಯಲ್ಲಿದ್ದ ನಿಮ್ಮ ತಂದೆಗೆ ಹೋಯಿತು. ಆಗ ಅಮೆರಿಕದವನು ಜೋರಾಗಿ ನಕ್ಕನಂತೆ. ನನ್ನ ಆಯ್ಕೆ ಮೆಚ್ಚಿ ನಕ್ಕ ಅನ್ನುತ್ತಿದ್ದರು ಅಪ್ಪ.

ಶಿವರಾತ್ರಿ ಪೂಜೆಯಾಗಲಿ ಅಂತ ಕಾದೆ. ಆಮೇಲೂ ಒಂದು ವಾರ ದೇವರ ಮನೆಯ ಬಾಗಿಲಿಗೆ ಹೋಗಿ ಹೋಗಿ ವಾಪಸು ಬಂದೆ. ಬೇಡ ಅನ್ನುತ್ತಾಳೆ ಅಂದುಕೊಂಡಿದ್ದ ಕಾಂತಮ್ಮನೇ ಕೊನೆಗೆ ಗಡಿಯಾರ ತಂದು ಮುಂದೆ ಇಟ್ಟಳು. ಹಿಂಬದಿಯಲ್ಲಿ ನಲವತ್ತು ವರ್ಷದ ವಿಭೂತಿ ಗಾರೆಯ ಹಾಗೆ ಕಟ್ಟಿತ್ತು. ಅದನ್ನು ಸೆರಗಿನಿಂದ ಒರೆಸಿ, "ನಿಮಗೆ ತಿಳ್ಕೊಳ್ಳೋದು ಬೇಡ ಅಂತಿದ್ರೆ ಆ ಹಿರೀರ ಗಡಿಯಾರಾನ ಅವತ್ತೇ ವಾಪಸ್ ಕಳಿಸಿರ್ತಿದ್ರಿ. ಬಿಚ್ಚಿ" ಅಂದಳು.

ಬಿಚ್ಚಿದೆ. ಏಳು ಜ್ಯುಯೆಲ್.

ಯಂತ್ರ ವಾಲ್ತಮ್‌ನವರದು. ಸಣ್ಣ ಕಂಪನಿಯಲ್ಲ, ಅವರ ವ್ಯಾನ್‌ಗಾರ್ಡಿಗೂ ನಾನು ಕೈಮುಗಿಯುವವನೇ. ಇದು ಅದಲ್ಲ. ಹಬ್ಬಕ್ಕೆ ಕೋಟು ಹಾಕುವವನ ಜೇಬಿಗೆ ಮಾಡಿದ ಸಾದಾ ಯಂತ್ರ, ಭಂಗಿಗೂ ಕಾವಿಗೂ ಹದ ಮಾಡಿದ್ದಲ್ಲ. ಆ ದೇಶದಲ್ಲಿ ಯಂತ್ರವನ್ನೂ ಕೇಸನ್ನೂ ಬೇರೆ ಬೇರೆ ಮಾರುತ್ತಿದ್ದರು. ದುಡಿಯುವವನು ಒಳ್ಳೆಯ ಯಂತ್ರ ಕೊಂಡು ಗಟ್ಟಿ ನಿಕ್ಕಲ್ಲಿನಲ್ಲಿ ಹಾಕಿಸುತ್ತಿದ್ದ. ಸೊಗಸು ಬೇಕಾದವನು ಸಾದಾ ಯಂತ್ರಕ್ಕೆ ಚಿನ್ನದ ಕೇಸು ಹಾಕಿಸುತ್ತಿದ್ದ. ನಾವು ಮುಚ್ಚಳ ನೋಡಿದೆವು. ಅಧಿಕಾರಿಯೂ ಮುಚ್ಚಳ ನೋಡಿದ, ನಮ್ಮಪ್ಪನೂ, ಇಡೀ ಅರಸೀಕೆರೆಯೂ.

ತೊಳೆದು ಎಣ್ಣೆ ಕೊಟ್ಟು ಇದನ್ನೂ ಒಂದೊಂದು ದಿನ ಪರೀಕ್ಷೆಗೆ ಇಟ್ಟೆ. ಮಲಗಿಸಿದರೆ ಪರವಾಗಿಲ್ಲ. ನಿಲ್ಲಿಸಿದರೆ ದಿನಕ್ಕೆ ಒಂದೂವರೆ ನಿಮಿಷ ಹಿಂದೆ. ಬಿಸಿಲಿನ ಡಬ್ಬಿಯಲ್ಲಿ ನಿಲ್ಲಿಸಿದರೆ ಮೂರು ನಿಮಿಷದ ಮೇಲೆ. ಎಂಜಿನ್ನಿನ ಕುಲುಮೆಯ ಮುಂದೆ, ಅಂಗಿಯ ಜೇಬಿನಲ್ಲಿ, ನಿಂತೇ ಇರುವ ಗಡಿಯಾರ ಅದು. ಅಪ್ಪ ಅದನ್ನು ಸ್ಟೇಷನ್ ಗಡಿಯಾರದ ಜೊತೆ ಸರಿನೋಡುತ್ತಿದ್ದದ್ದು ಸೋಮವಾರ ಮಾತ್ರ. ನನ್ನದಕ್ಕೆ ಅದರ ಹಂಗಿಲ್ಲ ಅನ್ನುವ ಜಂಬ.

ಇನ್ನು ಎರಡು ಗಡಿಯಾರದ ಎದುರು ಒಂದು ಅಂದಿರಲ್ಲ. ಆ ಎರಡನೆಯದು ಟ್ರಾಲಿಯವರದು. ನಮ್ಮ ಯಾರ್ಡಿನಲ್ಲಿ ಬೆಳಿಗ್ಗೆ ಎಲ್ಲರೂ ಚನ್ನಬಸವಯ್ಯನವರ ಚಿನ್ನದ ಗಡಿಯಾರ ನೋಡಿ ತಮ್ಮ ಮುಳ್ಳು ತಿರುಗಿಸಿಕೊಳ್ಳುತ್ತಿದ್ದರು. ನಾನೇ ಕಣ್ಣಾರೆ ಕಂಡಿದ್ದೇನೆ. ಸಾಲಿನಲ್ಲಿ ಟ್ರಾಲಿಯವರೂ ಇರುತ್ತಿದ್ದರು, ಗಿಡ್ಡಪ್ಪನೂ ಇರುತ್ತಿದ್ದ. ಅವು ಎರಡು ಸಾಕ್ಷಿಯಲ್ಲ ತಂಗಿ, ಒಂದೇ ಸಾಕ್ಷಿ. ಗಿಡ್ಡಪ್ಪನನ್ನು ಹಳಿಯ ಮೇಲೆ ನಿಲ್ಲಿಸಿದ್ದು ನಮ್ಮ ಮನೆಯ ಗಡಿಯಾರ. ನಿಮ್ಮ ತಂದೆ ಬಾವುಟ ತೋರಿಸಿದ್ದು ಸರಿಯಾದ ಹೊತ್ತಿಗೆ.

ವಿಚಾರಣೆಯ ವರ್ಷದಿಂದ ಅಪ್ಪ ಅದನ್ನು ಡ್ಯೂಟಿಗೆ ಒಯ್ಯಲಿಲ್ಲ, ದೇವರ ಮನೆಯಲ್ಲಿ ಇಟ್ಟರು. ನಾವು ಇಷ್ಟು ವರ್ಷ ಅದಕ್ಕೆ ಹೂ ಏರಿಸಿದೆವು.

ಹಾಳೆ ಬರೆದಿದ್ದೇನೆ. ಅಂಚೆಯಲ್ಲಿ ಹಾಕುವುದಿಲ್ಲ. ಭಾನುವಾರ 15ಕ್ಕೆ ಎರಡನೆಯ ಗಡಿಯಾರವನ್ನೂ ತೆಗೆದುಕೊಂಡು ನಾನೇ ಬರುತ್ತೇನೆ. ಹಿರಿಯರು ಒಳಗೆ ಬಿಟ್ಟರೆ ಬರುತ್ತೇನೆ, ಬಿಡದಿದ್ದರೆ ಬಾಗಿಲಲ್ಲೇ ಓದುತ್ತೇನೆ.

ಕಲ್ಲೇಶಪ್ಪ


ಬಸ್ತಿಹಳ್ಳಿ
17-3-1998

ಕಲ್ಲೇಶಣ್ಣ,

ನೀವು ಮೂರರ ಬಸ್ಸಿಗೆ ಅವಸರಪಟ್ಟು ಹೋಗಿಬಿಟ್ಟಿರಿ. ಇನ್ನೊಂದು ಗಂಟೆ ಇರಬೇಕಾಗಿತ್ತು. ಆಮೇಲೆ ಏನಾಯಿತು ಎಂದು ನಿಮಗೆ ಹೇಳದೆ ಯಾರಿಗೆ ಹೇಳಲಿ.

ನೀವು ಓದಿದ ಹಾಳೆಯನ್ನು ಅಪ್ಪ ಮಡಿಸಿ ಜೇಬಿನಲ್ಲಿ ಇಟ್ಟುಕೊಂಡಿದ್ದಾರೆ. ಎರಡು ಗಡಿಯಾರದ ಹಿಂಬದಿ ಬಿಚ್ಚಿ ಕೈಗೆ ಕೊಟ್ಟಿರಲ್ಲ, ಹ್ಯಾಮಿಲ್ಟನ್ನಿನ ಒಳಗೆ ಬಿಸಿಲು ಬಿದ್ದಾಗ ಅವರ ಮುಖ ನೋಡಿದಿರಾ? ಐವತ್ತಮೂರು ವರ್ಷ ಜೇಬಿನಲ್ಲಿ ಇಟ್ಟುಕೊಂಡವರು ಅದರ ಒಳಗನ್ನು ಕಂಡದ್ದು ಅವತ್ತೇ. ಕೇಳಿದ್ದು ಒಂದೇ ಮಾತು, ಚನ್ನಬಸವಯ್ಯನಿಗೆ ಇದು ಗೊತ್ತಿತ್ತಾ ಅಂತ. ಗೊತ್ತಿರಲಿಲ್ಲ ಅಂದಿರಿ. ಆಮೇಲೆ ನಿಮ್ಮ ಕೈ ಹಿಡಿದುಕೊಂಡವರು ಬಸ್ಸಿನ ಹೊತ್ತಾಯಿತು ಅನ್ನುವವರೆಗೂ ಬಿಡಲಿಲ್ಲ.

ನೀವು ಹೋದ ಮೇಲೆ ಅಪ್ಪ ಜಗಲಿಯಲ್ಲಿ ಕೂತರು. ನಾಲ್ಕು ಹತ್ತಾಯಿತು. ಎಬ್ಬಿಸೋಣವೆಂದು ನಾನು ಹೋಗಿ ರಟ್ಟೆ ಹಿಡಿದೆ. ಗಡಿಯಾರವನ್ನೇ ನೋಡುತ್ತ ಅಂದರು, "ಇವತ್ತು ಬ್ಯಾಡ ಕಣವ್ವ. ಕುಂತಿರ್ತೀನಿ."

ಕೂತೇ ಇದ್ದರು. ಮುಳ್ಳು ಹನ್ನೆರಡಕ್ಕೆ ಬಂತು, ಹದಿಮೂರಕ್ಕೆ ಹೋಯಿತು. ಅಪ್ಪ ಅಳಲಿಲ್ಲ, ನಾನು ಅತ್ತೆ. ಆಮೇಲೆ ಕಾಫಿ ಕೇಳಿದರು. ಕುಡಿಯುತ್ತ, ಗಿಡ್ಡಪ್ಪ ಮಜ್ಜಿಗೆಗೆ ಹಸಿಮೆಣಸಿನಕಾಯಿ ಕಚ್ಚಿಕೊಂಡು ಕುಡಿಯುತ್ತಿದ್ದ, ದಾರಿಯಲ್ಲಿ ಹೋಗುವವರನ್ನು ಕೂಗಿ ಕೂಗಿ ರೇಗಿಸುತ್ತಿದ್ದ ಅಂತ ಹೇಳಿ ನಕ್ಕರು. ನನಗೆ ನಲವತ್ತೆಂಟು ವರ್ಷ. ಆ ಹೆಸರನ್ನು ಹೇಳಿ ಅಪ್ಪ ನಕ್ಕದ್ದನ್ನು ನಾನು ಕಂಡೇ ಇರಲಿಲ್ಲ. ಮಲಗುವ ಮುಂಚೆ ಹೇಳಿದರು, "ಪಾಪ, ಚನ್ನಬಸವಯ್ಯಂಗೂ ಗೊತ್ತಿರ್ನಿಲ್ವಲ್ಲ. ಗೊತ್ತಿದ್ರೆ ಸುಮ್ಕಿರೋ ಮನುಸ್ಯ ಅಲ್ಲ ಅವ್ನು."

ಒಂದು ತಪ್ಪು ಒಪ್ಪಿಕೊಳ್ಳಬೇಕು. ಅರಸೀಕೆರೆಯಲ್ಲಿ ಗಡಿಯಾರದ ಅಂಗಡಿ ನಿಮ್ಮದೊಂದೇ ಅಲ್ಲ. ನೀವು ಯಾರ ಮಗ ಎಂದು ನನಗೆ ಮೊದಲಿನಿಂದ ಗೊತ್ತಿತ್ತು. ಗೊತ್ತಿದ್ದೇ ನಿಮಗೆ ಕಳಿಸಿದೆ. ಹೇಳುತ್ತೀರೋ ಮುಚ್ಚಿಡುತ್ತೀರೋ ನೋಡೋಣ ಅಂತ. ವಿಜ್ಞಾನದ ಟೀಚರಾಗಿ ಮನುಷ್ಯರನ್ನು ಪರೀಕ್ಷೆಗೆ ಇಡಬಾರದಾಗಿತ್ತು. ಕ್ಷಮಿಸಿ.

ಯುಗಾದಿಗೆ ಕಾಂತಮ್ಮನವರನ್ನೂ ಕರೆದುಕೊಂಡು ಬನ್ನಿ. ಅಪ್ಪನೇ ಹೇಳಿದ್ದು.

ನಿಮ್ಮ ತಂಗಿ,
ಲತಾಮಣಿ


ಅರಸೀಕೆರೆ
20-3-1998

ತಂಗಿ ಲತಾಮಣಿ,

ನಿನ್ನ ಕಾಗದವನ್ನು ಕಾಂತಮ್ಮನಿಗೆ ಓದಿ ಹೇಳಿದೆ. ಹಿರಿಯರು ಕೂತೇ ಇದ್ದರು ಅನ್ನುವ ಸಾಲಿಗೆ ಬಂದಾಗ ಅವಳು ಎದ್ದು ಒಳಗೆ ಹೋದಳು. ನೀನು ಕ್ಷಮೆ ಕೇಳಬೇಡ. ನೀನು ಇಟ್ಟ ಪರೀಕ್ಷೆಯಲ್ಲಿ ನಾನು ಪೂರ್ತಿ ಪಾಸಾಗಿಲ್ಲ.

ರಿಪೇರಿಯವರು ಮುಚ್ಚಳದ ಒಳಗೆ ಗೀರುತ್ತಾರೆ ಅಂತ ಬರೆದಿದ್ದೆನಲ್ಲ. ನಮ್ಮ ಗಡಿಯಾರದ ಮುಚ್ಚಳ ತೆಗೆದ ದಿನವೇ ಒಂದು ಗೀರು ಕಂಡೆ. ಕನ್ನಡ ಅಂಕಿ, ೧೧-೫೭. ವಿಚಾರಣೆ ಮುಗಿದದ್ದು ಅಕ್ಟೋಬರಿನಲ್ಲಿ. ಅದರ ಮುಂದಿನ ತಿಂಗಳು ಅಪ್ಪ ಯಾರ ಹತ್ತಿರವೋ ಅದನ್ನು ಬಿಚ್ಚಿಸಿದ್ದಾರೆ. ಬಿಚ್ಚಿದವನು ಏಳೇ ಜ್ಯುಯೆಲ್ ಎಂದು ಹೇಳದೆ ಇರಲಾರ. ಆಮೇಲೆ ಗಡಿಯಾರ ದೇವರ ಮನೆ ಸೇರಿತು, ಬಿಚ್ಚಕೂಡದೆಂಬ ಅಪ್ಪಣೆ ಆಯಿತು. ನನ್ನನ್ನು ಎಂಜಿನ್ ಹತ್ತಿಸದೆ ಈ ಕೆಲಸಕ್ಕೆ ಹಾಕಿದ್ದೂ ಅವರೇ. ಭಾನುವಾರ ಮುಚ್ಚಳವನ್ನು ನನ್ನ ಮುಷ್ಟಿಯಲ್ಲೇ ಇಟ್ಟುಕೊಂಡು, ಗೊತ್ತಿರಲಿಲ್ಲ ಅಂತ ಹಿರಿಯರ ಕಣ್ಣು ನೋಡಿ ಹೇಳಿದೆ. ಅವರಿಗೆ ತಿಳಿಸುವುದೋ ಬಿಡುವುದೋ ನಿನಗೆ ಬಿಟ್ಟದ್ದು. ನೀನು ಹೇಳು ಅಂದರೆ ಯುಗಾದಿಗೆ ನಾನೇ ಹೇಳುತ್ತೇನೆ.

ಚಿನ್ನದ ಗಡಿಯಾರವನ್ನು ದೇವರ ಮನೆಯಿಂದ ತೆಗೆದು ಅಂಗಡಿಯ ಮೇಜಿನ ಮೇಲೆ ಹಿಂಬದಿ ಬಿಚ್ಚಿ ಇಟ್ಟಿದ್ದೇನೆ. ಬಂದವರೆಲ್ಲ ನೋಡಲಿ.

ನಿನ್ನೆ ಸಂಜೆ ಒಬ್ಬ ಗಿರಾಕಿಯ ಎಚ್‌ಎಂಟಿಗೆ ಪಟ್ಟಿ ಹಾಕುತ್ತಿದ್ದೆ. ನಾಲ್ಕು ಹನ್ನೆರಡಾಯಿತು. ಕೈಯಲ್ಲಿದ್ದದ್ದು ಕೆಳಗಿಟ್ಟು ಎದ್ದು ನಿಂತೆ. ಯಾಕ್ರೀ ಅಂದ ಅವನು. ಒಂದು ನಿಮಿಷ ತಡೀರಿ ಅಂದೆ.

ಕಲ್ಲೇಶಪ್ಪ